ಮಾತು ಬಿಟ್ಟ ಯಂತ್ರ: ಎರಡು ತಂತಿಯ ದೋಷ ಹುಡುಕುವ ದಾರಿ

ಕಲ್ಲು ಕ್ವಾರಿಯಲ್ಲಿ ಟಿಪ್ಪರ್‌ಗಳು ಸಾಲಾಗಿ ನಿಂತಿವೆ. ಲೋಡರ್‌ನ ಮಾನಿಟರ್ ಮೇಲೆ ಎಂಜಿನ್, ಗೇರ್‌ಬಾಕ್ಸ್, ಹೈಡ್ರಾಲಿಕ್ ಮೂರರ ಎಚ್ಚರಿಕೆಯೂ ಒಂದೇ ಗಳಿಗೆಯಲ್ಲಿ ಬಂದಿದೆ. ಆರ್‌ಪಿಎಂ ಮುಳ್ಳು ಸೊನ್ನೆಗೆ ಬಿದ್ದಿದೆ; ಎಂಜಿನ್ ಮಾತ್ರ ಗುಡುಗುಡು ಎನ್ನುತ್ತಲೇ ಇದೆ. ಆಪರೇಟರ್ ಕೀ ತಿರುಗಿಸಿ ಆರಿಸಿ ಮತ್ತೆ ಚಾಲೂ ಮಾಡಿದರೆ ಸ್ವಲ್ಪ ಹೊತ್ತು ಎಲ್ಲ ಸರಿ, ಆಮೇಲೆ ಮತ್ತದೇ ಪಾಡು.

ಅರ್ಧ ಉತ್ತರ ಇಲ್ಲೇ ಇದೆ. ಎಂಜಿನ್ ಓಡುತ್ತಿದೆ, ಓಡುತ್ತಿರುವ ಸುದ್ದಿ ಮಾನಿಟರ್‌ಗೆ ಮುಟ್ಟುತ್ತಿಲ್ಲ. ಮೂರು ಬೇರೆ ಬೇರೆ ವ್ಯವಸ್ಥೆಗಳು ಒಂದೇ ಸೆಕೆಂಡಿನಲ್ಲಿ ಕೆಡುವುದು ಅಪರೂಪ. ಮೂರಕ್ಕೂ ಸೇರಿದ ತಂತಿಯೋ ಕರೆಂಟೋ ಕೈಕೊಡುವುದು ಮಾಮೂಲು. ಹಾಗಿದ್ದರೂ ಸೈಟ್‌ಗಳಲ್ಲಿ ಮೊದಲು ಬದಲಾಗುವುದು ಸೆನ್ಸರ್, ಆಮೇಲೆ ಮಾನಿಟರ್, ಕೊನೆಗೆ ಲಕ್ಷದ ಲೆಕ್ಕದ ಕಂಟ್ರೋಲರ್. ಬಿಡಿಭಾಗಕ್ಕೆ ಆರ್ಡರ್ ಕೊಡುವ ಮುಂಚೆ ಒಂದು ಸಾಧಾರಣ ಮಲ್ಟಿಮೀಟರ್ ಹಿಡಿದು ಅಳೆದರೆ ಈ ಖರ್ಚಿನಲ್ಲಿ ಬಹುಪಾಲು ಉಳಿಯುತ್ತದೆ.

ಎರಡೇ ತಂತಿ, ಹತ್ತಾರು ಸಂದೇಶ

ಒಂದು ಕಾಲದ ಎಕ್ಸ್‌ಕವೇಟರ್‌ನಲ್ಲಿ ಪ್ರತಿ ಸೆನ್ಸರ್‌ನಿಂದ ಪ್ರತಿ ಮೀಟರ್‌ಗೂ ಬೇರೆ ಬೇರೆ ವೈರ್ ಎಳೆದಿರುತ್ತಿತ್ತು. ಈಗ ಎಂಜಿನ್, ಪಂಪ್, ಗೇರ್‌ಬಾಕ್ಸ್, ಮಾನಿಟರ್ ಒಂದೊಂದಕ್ಕೂ ಒಂದು ಕಂಟ್ರೋಲರ್ ಇದ್ದು, ಅವೆಲ್ಲ ಹೆಣೆದ ಎರಡು ತಂತಿಗಳ ಮೇಲೆ ಪರಸ್ಪರ ಸುದ್ದಿ ಹಂಚಿಕೊಳ್ಳುತ್ತವೆ. ಈ ಏರ್ಪಾಡಿನ ಹೆಸರು ಕ್ಯಾನ್. ಜರ್ಮನಿಯ ಬಾಷ್ ಕಂಪನಿ 1983ರಲ್ಲಿ ಇದರ ಕೆಲಸ ಶುರುಮಾಡಿ 1986ರಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ ಎಂಜಿನಿಯರುಗಳ ಮುಂದಿಟ್ಟಿತು. ಲಾರಿ, ಬಸ್ಸು, ಭಾರಿ ಯಂತ್ರಗಳಿಗಾಗಿ ಇದರ ಮೇಲೆ ಕಟ್ಟಿದ ನಿಯಮಾವಳಿ ಜೆ 1939. ಸಾಮಾನ್ಯ ವೇಗ ಸೆಕೆಂಡಿಗೆ 2,50,000 ಬಿಟ್. ಹೊಸ ಯಂತ್ರಗಳಲ್ಲಿ 5,00,000 ಇರುವುದೂ ಉಂಟು.

ಕರ್ನಾಟಕಕ್ಕೆ ಇದು ದೂರದ ವಿಷಯವಲ್ಲ. ಕೆಜಿಎಫ್‌ನಲ್ಲಿ ಬೆಮೆಲ್, ಧಾರವಾಡದಲ್ಲಿ ಟಾಟಾ ಹಿಟಾಚಿ, ಬೆಂಗಳೂರಿನ ಪೀಣ್ಯದಲ್ಲಿ ವೋಲ್ವೊ ಭಾರಿ ಯಂತ್ರಗಳನ್ನು ತಯಾರಿಸುತ್ತವೆ. ಗಾಲಿ ಇರುವ ನಿರ್ಮಾಣ ಯಂತ್ರಗಳಿಗೆ 2021ರ ಏಪ್ರಿಲ್‌ನಿಂದ ನಾಲ್ಕನೇ ಹಂತದ, 2025ರ ಜನವರಿಯಿಂದ ಐದನೇ ಹಂತದ ಹೊಗೆ ನಿಯಮ ಜಾರಿಗೆ ಬಂದಿದೆ. ಆ ಮಿತಿಯೊಳಗೆ ಹೊಗೆ ನಿಲ್ಲಬೇಕಾದರೆ ಡೀಸೆಲ್ ಸಿಂಪಡಿಸುವ ಕೆಲಸ ಎಲೆಕ್ಟ್ರಾನಿಕ್ ಕಂಟ್ರೋಲರ್ ಕೈಯಲ್ಲೇ ಇರಬೇಕಾಗುತ್ತದೆ. ಸ್ಪ್ಯಾನರ್ ಹಿಡಿದು ಕಲಿತ ಮೇಸ್ತ್ರಿ ಈಗ ಓಮ್, ವೋಲ್ಟ್ ಕೂಡ ಓದಬೇಕಾಗಿ ಬಂದಿರುವುದು ಇದರಿಂದಲೇ.

ಕೋಡ್ ಅಳಿಸುವ ಮೊದಲು ಬರೆದಿಡಿ

ಬ್ಯಾಟರಿಯ ಮುಖ್ಯ ಸ್ವಿಚ್ಚಾದ ಐಸೋಲೇಟರ್ ಆಫ್ ಮಾಡಿ ಆನ್ ಮಾಡುವುದು, ಕೋಡ್ ಅಳಿಸಿಬಿಡುವುದು ಸೈಟಿನ ಮೊದಲ ಅಭ್ಯಾಸ. ಇದರಿಂದ ಸುಳಿವೇ ಅಳಿಸಿಹೋಗಬಹುದು. ಎಲ್ಲ ಕೋಡ್‌ಗಳ ಫೋಟೊ ತೆಗೆದುಕೊಳ್ಳಿ. ಯಾವುದು ಈಗ ಇರುವ ದೋಷ, ಯಾವುದು ಬಂದು ಹೋದದ್ದು, ಎಷ್ಟು ಬಾರಿ ಬಂದಿದೆ, ಅವರ್ ಮೀಟರ್ ಎಷ್ಟಿತ್ತು ಎಂಬುದು ಫೋಟೊದಲ್ಲಿ ಕಾಣಬೇಕು.

ಜೆ 1939 ಕೋಡ್‌ನಲ್ಲಿ ಎರಡು ಸಂಖ್ಯೆಗಳಿರುತ್ತವೆ. ಎಸ್‌ಪಿಎನ್ ಎಂಬುದು ಯಾವ ವಸ್ತುವಿನ ಮೇಲೆ ದೂರು ಎಂದು ಹೇಳಿದರೆ, ಎಫ್‌ಎಂಐ ಯಾವ ಬಗೆಯ ದೂರು ಎಂದು ಹೇಳುತ್ತದೆ. ಎಸ್‌ಪಿಎನ್ 100 ಎಂದರೆ ಎಂಜಿನ್ ಆಯಿಲ್ ಒತ್ತಡ. ಅದರ ಜೊತೆ ಎಫ್‌ಎಂಐ 1 ಬಂದರೆ ಒತ್ತಡ ನಿಜವಾಗಿಯೂ ಅಪಾಯದ ಮಟ್ಟಕ್ಕೆ ಇಳಿದಿದೆ ಎಂದರ್ಥ. ಆ ಕ್ಷಣವೇ ಎಂಜಿನ್ ಆರಿಸಬೇಕು. ಅದೇ 100ರ ಜೊತೆ 3 ಅಥವಾ 4 ಬಂದರೆ ಸೆನ್ಸರ್ ತಂತಿಯ ವೋಲ್ಟೇಜ್ ಇರಬೇಕಾದ್ದಕ್ಕಿಂತ ಹೆಚ್ಚು ಅಥವಾ ಕಡಿಮೆ ಇದೆ ಎಂದರ್ಥ. ಇಲ್ಲಿ ಹುಡುಕಬೇಕಾದದ್ದು ವೈರಿಂಗ್‌ನಲ್ಲಿ. ಎರಡನೇ ಸಂಖ್ಯೆ ನೋಡದೆ “ಆಯಿಲ್ ಪ್ರೆಶರ್ ಕೋಡ್” ಎಂದಷ್ಟೇ ಫೋನಿನಲ್ಲಿ ಹೇಳಿದರೆ ಆಯಿಲ್ ಪಂಪ್ ಬಿಚ್ಚುವವರೆಗೂ ಮಾತು ಹೋಗುತ್ತದೆ.

ಸಂವಹನ ದೋಷಕ್ಕೆ ಮೀಸಲಾದ ಸಂಖ್ಯೆಗಳೂ ಇವೆ. ಎಫ್‌ಎಂಐ 9 ಬಂದರೆ ಹೊತ್ತಿಗೆ ಸರಿಯಾಗಿ ಬರಬೇಕಿದ್ದ ಸಂದೇಶ ಬರುತ್ತಿಲ್ಲ. 19 ಬಂದರೆ ತಂತಿಯ ಮೇಲೆ ಬಂದ ಮಾಹಿತಿಯಲ್ಲೇ ತಪ್ಪಿದೆ. ಎಸ್‌ಪಿಎನ್ 639 ಆ ತಂತಿಜಾಲದ ಸಂಖ್ಯೆ. ಕೆಲವು ತಯಾರಕರು ತಮ್ಮದೇ ಅಕ್ಷರ ಸಂಕೇತ ಬಳಸುತ್ತಾರೆ. ಅಂಥ ಕಡೆ ಸರ್ವಿಸ್ ಪುಸ್ತಕವೇ ಗತಿ.

ಇಷ್ಟಾದ ಮೇಲೆ ಕೇಳಬೇಕಾದ ಪ್ರಶ್ನೆ: ಯಾರು ದೂರುತ್ತಿದ್ದಾರೆ, ಯಾರ ಮೇಲೆ? ಎಂಜಿನ್ ಕಂಟ್ರೋಲರ್ ಮತ್ತು ಮಾನಿಟರ್ ಎರಡೂ ಗೇರ್‌ಬಾಕ್ಸ್ ಕಂಟ್ರೋಲರ್ ಸುದ್ದಿ ಬರುತ್ತಿಲ್ಲ ಎನ್ನುತ್ತಿವೆ, ಸ್ಕ್ಯಾನರ್‌ಗೂ ಗೇರ್‌ಬಾಕ್ಸ್ ಕಂಟ್ರೋಲರ್ ಸಿಗುತ್ತಿಲ್ಲ ಎಂದುಕೊಳ್ಳಿ. ಉಳಿದವೆರಡು ಪರಸ್ಪರ ಮಾತಾಡುತ್ತಿವೆಯಾದ್ದರಿಂದ ಮುಖ್ಯ ತಂತಿ ಬಹುಶಃ ಸರಿಯಿದೆ. ಸುಮ್ಮನಿರುವ ಆ ಒಂದರ ಫ್ಯೂಸ್, ರಿಲೇ, ಅರ್ಥಿಂಗ್, ಅದಕ್ಕೆ ಹೋಗುವ ಕವಲು ತಂತಿ ಇಷ್ಟನ್ನೇ ನೋಡಿದರೆ ಸಾಕು. ಎಲ್ಲರೂ ಎಲ್ಲರ ಮೇಲೂ ದೂರುತ್ತಿದ್ದರೆ ಮಾತ್ರ ಸಂಶಯ ಮುಖ್ಯ ತಂತಿಯ ಮೇಲೆ.

ಸಂವಹನ ದೋಷದ ವೇಷದಲ್ಲಿ ಬರುವ ಇನ್ನೊಂದು ತೊಂದರೆ ಇದೆ. ಎಂಜಿನ್ ಕಂಟ್ರೋಲರ್ ಹಲವು ಸೆನ್ಸರ್‌ಗಳಿಗೆ ಒಂದೇ 5 ವೋಲ್ಟ್ ಸರಬರಾಜನ್ನು ಹಂಚುತ್ತದೆ. ಅವುಗಳಲ್ಲಿ ಒಂದು ಒಳಗೆ ಶಾರ್ಟ್ ಆದರೆ 5 ವೋಲ್ಟ್ ಕುಸಿದು, ಆ ಗುಂಪಿನ ಎಲ್ಲ ಸೆನ್ಸರ್‌ಗಳ ಮೇಲೂ 3 ಅಥವಾ 4ರ ಕೋಡ್ ಒಟ್ಟಿಗೇ ಬರುತ್ತದೆ. 9, 19 ಇಲ್ಲದೆ ಬರೀ 3, 4ರ ಗುಂಪು ಬಂದಾಗ 5 ವೋಲ್ಟ್ ತಂತಿಗೆ ಮೀಟರ್ ಇಟ್ಟುಕೊಂಡು ಸೆನ್ಸರ್‌ಗಳ ಕನೆಕ್ಟರ್ ಒಂದೊಂದಾಗಿ ಬಿಚ್ಚಬೇಕು. ಯಾವುದನ್ನು ಬಿಚ್ಚಿದಾಗ 5 ವೋಲ್ಟ್ ಮರಳುತ್ತದೋ ಅದೇ ಕಳ್ಳ.

ಮೊದಲ ಅಳತೆ ಬ್ಯಾಟರಿಯದು

ಕಂಟ್ರೋಲರ್‌ಗೆ ಬೇಕಾದಷ್ಟು ವೋಲ್ಟೇಜ್ ಸಿಗದಿದ್ದರೆ ಅದು ಮಧ್ಯೆ ಮಧ್ಯೆ ನಿಂತು ಹೊಸದಾಗಿ ಶುರುವಾಗುತ್ತದೆ. ಉಳಿದವುಗಳ ಕಣ್ಣಿಗೆ ಇದೂ ಸಂವಹನ ದೋಷವೇ. ದೊಡ್ಡ ಯಂತ್ರಗಳಲ್ಲಿ ಸಾಮಾನ್ಯವಾಗಿ 12 ವೋಲ್ಟ್‌ನ ಎರಡು ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿ 24 ವೋಲ್ಟ್ ಮಾಡಿರುತ್ತಾರೆ. ಹಾಡಿನ ಸೆಟ್‌ಗೋ ಫ್ಯಾನ್‌ಗೋ ಒಂದೇ ಬ್ಯಾಟರಿಯಿಂದ 12 ವೋಲ್ಟ್ ಎಳೆದುಕೊಳ್ಳುವುದು ನಮ್ಮಲ್ಲಿ ಬಲು ಸಾಮಾನ್ಯ. ಆ ಬ್ಯಾಟರಿ ದಿನೇ ದಿನೇ ಸೊರಗುತ್ತದೆ, ಇನ್ನೊಂದು ಅತಿಯಾಗಿ ಚಾರ್ಜ್ ಆಗುತ್ತದೆ, ಸ್ಟಾರ್ಟ್ ಮಾಡುವ ಗಳಿಗೆಯಲ್ಲಿ ವೋಲ್ಟೇಜ್ ಜಾರುತ್ತದೆ. ಹಾಗಾಗಿ ಎರಡನ್ನೂ ಬೇರೆ ಬೇರೆಯಾಗಿ ಅಳೆಯಿರಿ. 12 ವೋಲ್ಟ್ ಬೇಕೇ ಬೇಕಿದ್ದರೆ 24ರಿಂದ 12ಕ್ಕೆ ಇಳಿಸುವ ಕನ್ವರ್ಟರ್ ಹಾಕಿಸಿ.

ಅರ್ಥಿಂಗ್ ಕೂಡ ಹೀಗೆಯೇ. ಯಂತ್ರಕ್ಕೆ ಹೊಸದಾಗಿ ಪೇಂಟ್ ಹೊಡೆಸಿದ ನಂತರ ವಿಚಿತ್ರ ಕೋಡ್‌ಗಳು ಶುರುವಾದರೆ ಅರ್ಥಿಂಗ್ ಬೋಲ್ಟ್ ಬಿಚ್ಚಿ ನೋಡಬೇಕು; ಲಗ್‌ನ ಅಡಿಯಲ್ಲೇ ಹಳದಿ ಬಣ್ಣದ ಪದರ ಕುಳಿತಿರುತ್ತದೆ. ಪರೀಕ್ಷೆ ಸುಲಭ. ಯಂತ್ರ ಚಾಲೂ ಇಟ್ಟು, ಲೈಟ್, ಎಸಿ ಹಾಕಿ, ಮೀಟರ್‌ನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದನ್ನು ಕಂಟ್ರೋಲರ್‌ನ ಅರ್ಥ್‌ ತಂತಿಗೆ ಇಡಿ. ಅರ್ಧ ವೋಲ್ಟ್ ದಾಟಿದರೆ ಆ ದಾರಿಯಲ್ಲಿ ಎಲ್ಲೋ ತುಕ್ಕೋ ಸಡಿಲವೋ ಇದೆ.

60 ಓಮ್ ಲೆಕ್ಕ

ಕ್ಯಾನ್ ತಂತಿಯ ಎರಡು ತುದಿಗಳಲ್ಲೂ 120 ಓಮ್‌ನ ಒಂದೊಂದು ರೆಸಿಸ್ಟರ್ ಇರುತ್ತದೆ. ಬಾವಿಯಲ್ಲಿ ಕೂಗಿದರೆ ದನಿ ಮರಳುವಂತೆ, ತುದಿಯಲ್ಲಿ ಇದಿಲ್ಲದಿದ್ದರೆ ಸಂದೇಶ ಅಲ್ಲಿ ಬಡಿದು ಹಿಂದಿರುಗಿ ಮುಂದಿನ ಸಂದೇಶವನ್ನು ಕೆಡಿಸುತ್ತದೆ. ಸಮಾನಾಂತರವಾಗಿ ನಿಂತ 120 ಓಮ್‌ನ ಎರಡು ರೆಸಿಸ್ಟರ್ ಸೇರಿ ಮೀಟರ್‌ಗೆ 60 ಓಮ್ ಕಾಣುತ್ತದೆ. ಇಡೀ ಪರೀಕ್ಷೆ ನಿಂತಿರುವುದು ಈ ಸಂಖ್ಯೆಯ ಮೇಲೆ.

ಅಳೆಯಲು ಹೆಚ್ಚಿನ ಯಂತ್ರಗಳಲ್ಲಿ ಸೀಟಿನ ಪಕ್ಕದಲ್ಲೋ ಡ್ಯಾಶ್‌ಬೋರ್ಡ್ ಕೆಳಗೋ 9 ಪಿನ್ನಿನ ದುಂಡನೆಯ ಕನೆಕ್ಟರ್ ಇರುತ್ತದೆ. ಜೆ 1939 ಪ್ರಕಾರ ಅದರಲ್ಲಿ ಎ ಪಿನ್ ಬ್ಯಾಟರಿ ನೆಗೆಟಿವ್, ಬಿ ಪಾಸಿಟಿವ್, ಸಿ ಕ್ಯಾನ್ ಹೈ, ಡಿ ಕ್ಯಾನ್ ಲೋ. ಹೈ ತಂತಿ ಹಳದಿ, ಲೋ ತಂತಿ ಹಸಿರು ಎಂಬುದು ರೂಢಿ. ಆದರೆ ತಯಾರಕರು ಬಣ್ಣ ಬದಲಿಸುವುದೂ ಇದೆ, ಒಂದೇ ಯಂತ್ರದಲ್ಲಿ ಎರಡು ಮೂರು ಬೇರೆ ಕ್ಯಾನ್ ಜಾಲ ಇಡುವುದೂ ಇದೆ. ವೈರಿಂಗ್ ನಕ್ಷೆ ನೋಡಿ ಖಚಿತಪಡಿಸಿಕೊಳ್ಳಿ. ಕ್ಯಾಟರ್‌ಪಿಲ್ಲರ್ ಯಂತ್ರಗಳಲ್ಲಿ ಕಾಣುವ ಕ್ಯಾಟ್ ಡೇಟಾ ಲಿಂಕ್ ಬೇರೆಯದೇ ಜೋಡಿ. 60 ಓಮ್ ಲೆಕ್ಕ ಅದಕ್ಕೆ ಅನ್ವಯಿಸದು.

ಓಮ್ ಅಳೆಯುವಾಗ ತಂತಿಯಲ್ಲಿ ಕರೆಂಟ್ ಇರಕೂಡದು. ಬಕೆಟ್ ನೆಲಕ್ಕೆ ಇಳಿಸಿ, ಎಂಜಿನ್ ಆರಿಸಿ, ಕೀ ತೆಗೆದು, ಐಸೋಲೇಟರ್ ಆಫ್ ಮಾಡಬೇಕು. ಹೊಗೆ ಶುದ್ಧಿಗೆ ಡಿಇಎಫ್ ದ್ರವ ಬಳಸುವ ಎಂಜಿನ್ ಆದರೆ ಕೀ ತೆಗೆದ ಮೇಲೂ ಪಂಪ್ ಕೊಂಚ ಹೊತ್ತು ಓಡಿ ಪೈಪು ಬರಿದು ಮಾಡುತ್ತದೆ. ಅದು ಮುಗಿದ ನಂತರವೇ ಐಸೋಲೇಟರ್ ತಿರುಗಿಸಿ. ಆಮೇಲೆ ಸಿ ಮತ್ತು ಡಿ ನಡುವೆ ಮೀಟರ್ ಇಟ್ಟರೆ:

• 60ರ ಆಸುಪಾಸು: ಎರಡೂ ರೆಸಿಸ್ಟರ್ ಇವೆ, ಅವುಗಳ ನಡುವಿನ ಮುಖ್ಯ ತಂತಿ ಕಡಿದಿಲ್ಲ.
• 120ರ ಆಸುಪಾಸು: ಒಂದು ರೆಸಿಸ್ಟರ್ ಕಾಣೆಯಾಗಿದೆ ಅಥವಾ ನಡುವೆ ಎಲ್ಲೋ ತಂತಿ ಕಡಿದಿದೆ.
• 40ರ ಆಸುಪಾಸು: ಯಾರೋ ಮೂರನೇ ರೆಸಿಸ್ಟರ್ ಸೇರಿಸಿದ್ದಾರೆ. ಹಾರ್ನೆಸ್ (ತಂತಿಗಳ ಕಟ್ಟು) ಅಥವಾ ಕಂಟ್ರೋಲರ್ ಬದಲಿಸಿದ ಯಂತ್ರದಲ್ಲಿ ಇದು ಸಿಗುತ್ತದೆ.
• ಸೊನ್ನೆಯ ಹತ್ತಿರ: ಎರಡು ತಂತಿ ಒಂದಕ್ಕೊಂದು ತಾಗಿವೆ.
• ಅಳತೆಯೇ ಬರುತ್ತಿಲ್ಲ: ಮೀಟರ್ ಇಟ್ಟ ಕನೆಕ್ಟರ್‌ಗೆ ಬರುವ ತಂತಿಯೇ ಕಡಿದಿರಬಹುದು.

60 ಬಂದ ಮಾತ್ರಕ್ಕೆ ಎಲ್ಲ ಸರಿಯಿದೆ ಎಂದಲ್ಲ. ಒಂದು ಕಂಟ್ರೋಲರ್‌ಗೆ ಹೋಗುವ ಕವಲು ಕಡಿದಿದ್ದರೂ, ಎರಡರಲ್ಲಿ ಒಂದು ತಂತಿ ಯಂತ್ರದ ಬಾಡಿಗೆ ತಾಗಿದ್ದರೂ ಮೀಟರ್ 60 ಓಮ್ ತೋರಿಸೀತು. ಹಾಗಾಗಿ ಸಿ ಮತ್ತು ಎ ನಡುವೆ, ಡಿ ಮತ್ತು ಎ ನಡುವೆಯೂ ಅಳೆಯಬೇಕು. ಅಲ್ಲಿ ಸಾವಿರಗಟ್ಟಲೆ ಓಮ್ ಇರಬೇಕು. ಸೊನ್ನೆಗೆ ಹತ್ತಿರ ಬಂದರೆ ತಂತಿ ಬಾಡಿಯನ್ನು ಮುಟ್ಟಿದೆ.

ಕೀ ಹಾಕಿ ವೋಲ್ಟ್ ನೋಡುವುದು

ಈಗ ಐಸೋಲೇಟರ್, ಕೀ ಎರಡನ್ನೂ ಆನ್ ಮಾಡಿ, ಮೀಟರನ್ನು ಡಿಸಿ ವೋಲ್ಟ್‌ಗೆ ತಿರುಗಿಸಿ. ತಂತಿ ಸುಮ್ಮನಿದ್ದಾಗ ಹೈ, ಲೋ ಎರಡರಲ್ಲೂ 2.5 ವೋಲ್ಟ್ ಇರುತ್ತದೆ. ಸಂದೇಶ ಹೊರಟಾಗ ಹೈ 3.5ಕ್ಕೆ ಏರುತ್ತದೆ, ಲೋ 1.5ಕ್ಕೆ ಇಳಿಯುತ್ತದೆ. 2,50,000 ಬಿಟ್ ವೇಗದಲ್ಲಿ ಒಂದೊಂದು ಬಿಟ್ ಇರುವುದು 4 ಮೈಕ್ರೋಸೆಕೆಂಡ್ ಮಾತ್ರ. ಆ ಏರಿಳಿತ ಹಿಡಿಯಲು ಮಲ್ಟಿಮೀಟರ್‌ಗೆ ಆಗದು, ಅದು ಸರಾಸರಿಯನ್ನಷ್ಟೇ ತೋರಿಸುತ್ತದೆ. ಆರೋಗ್ಯವಂತ ಜಾಲದಲ್ಲಿ ಹೈ 2.5ಕ್ಕಿಂತ ತುಸು ಮೇಲೆ, ಲೋ ತುಸು ಕೆಳಗೆ, ಎರಡೂ ಕೂಡಿದರೆ 5ರ ಹತ್ತಿರ ಇರುತ್ತದೆ.

ಎರಡೂ ಅಲುಗಾಡದೆ ಸರಿಯಾಗಿ ಒಂದೇ ವೋಲ್ಟ್‌ನಲ್ಲಿ ನಿಂತಿದ್ದರೆ ಯಾರೂ ಮಾತಾಡುತ್ತಿಲ್ಲ ಅಥವಾ ತಂತಿಗಳು ಪರಸ್ಪರ ತಾಗಿವೆ. ಒಂದು ಸೊನ್ನೆಗೆ ಬಿದ್ದಿದ್ದರೆ ಅದು ಬಾಡಿಗೆ ತಾಗಿದೆ. ಬ್ಯಾಟರಿಯ 24 ವೋಲ್ಟ್ ಕಂಡರೆ ಪಾಸಿಟಿವ್ ತಂತಿಯ ಜೊತೆ ಉಜ್ಜಿ ಸೇರಿಕೊಂಡಿದೆ.

ಕೆಲವೊಮ್ಮೆ ಎಲ್ಲ ಅಳತೆಯೂ ಸರಿಯಿದ್ದು, ದೋಷ ಮಾತ್ರ ಬಂದು ಬಂದು ಹೋಗುತ್ತದೆ. ಕ್ಯಾನ್‌ನಲ್ಲಿ ಪ್ರತಿ ಕಂಟ್ರೋಲರ್ ತಾನು ಕಳಿಸಿದ ಸಂದೇಶಗಳಲ್ಲಾದ ತಪ್ಪುಗಳ ಲೆಕ್ಕ ಇಟ್ಟುಕೊಳ್ಳುತ್ತದೆ. ಆ ಲೆಕ್ಕ 255 ದಾಟಿದರೆ ತಾನಾಗಿಯೇ ಜಾಲದಿಂದ ಹೊರಗೆ ನಿಲ್ಲುತ್ತದೆ. ಕೀ ಆರಿಸಿ ಹಾಕಿದರೆ ಲೆಕ್ಕ ಸೊನ್ನೆಯಾಗಿ ಮತ್ತೆ ಸೇರಿಕೊಳ್ಳುತ್ತದೆ. ಕೀ ತಿರುಗಿಸಿದ ಕೂಡಲೇ ಯಂತ್ರ ಸರಿಯಾದಂತೆ ಕಾಣುವುದಕ್ಕೆ ಇದೊಂದು ಕಾರಣ.

ಅರ್ಧಕ್ಕೆ ಅರ್ಧ ಮಾಡಿ ಹುಡುಕಿ

ಇಡೀ ಹಾರ್ನೆಸ್ ಬಿಚ್ಚಿ ಹರಡಿಕೊಳ್ಳುವ ಅಗತ್ಯ ಇಲ್ಲ. ಮುಖ್ಯ ತಂತಿಯ ನಡುವೆ ಸಿಗುವ ಒಂದು ಕನೆಕ್ಟರ್ ಬೇರ್ಪಡಿಸಿ ಎರಡು ಕಡೆಯೂ ಓಮ್ ಅಳೆಯಿರಿ. ಕಡೆಗೊಂದು ರೆಸಿಸ್ಟರ್ ಉಳಿದಿರುವುದರಿಂದ ಎರಡರಲ್ಲೂ 120 ಬರಬೇಕು. ಯಾವ ಕಡೆ ಬರುವುದಿಲ್ಲವೋ ಆ ಕಡೆಯನ್ನು ಮತ್ತೆ ಅರ್ಧ ಮಾಡಿ. ಹೀಗೆ ಮೂರು ನಾಲ್ಕು ಕನೆಕ್ಟರ್ ಬಿಚ್ಚುವಷ್ಟರಲ್ಲಿ ದೋಷ ಒಂದು ಮಾರಿನ ತಂತಿಯೊಳಗೆ ಸಿಕ್ಕಿಬೀಳುತ್ತದೆ.

ಶಾರ್ಟ್ ಇದ್ದಾಗ ಕ್ರಮ ಬೇರೆ. ಮೀಟರ್ ಇಟ್ಟುಕೊಂಡೇ ಒಂದೊಂದು ಕಂಟ್ರೋಲರ್‌ನ ಕನೆಕ್ಟರ್ ಕೀಳಬೇಕು. ಒಂದನ್ನು ಕಿತ್ತಾಗ ಸೊನ್ನೆ ಹೋಗಿ 60 ಬಂದರೆ ತಪ್ಪಿತಸ್ಥ ಸಿಕ್ಕಂತೆ. ಎಲ್ಲ ಕಿತ್ತರೂ ಸೊನ್ನೆಯೇ ಇದ್ದರೆ ದೋಷ ತಂತಿಯಲ್ಲಿದೆ. ಕೆಲವು ಕಂಟ್ರೋಲರ್‌ಗಳ ಒಳಗೇ ರೆಸಿಸ್ಟರ್ ಇರುತ್ತದೆ. ಅಂಥದನ್ನು ಕಿತ್ತಾಗ 60 ಇದ್ದದ್ದು 120 ಆಗುವುದು ಸಹಜ, ಅದನ್ನೇ ದೋಷ ಎಂದುಕೊಳ್ಳಬಾರದು.

ಮೊದಲು ನೋಡಬೇಕಾದ ಜಾಗ ಯಂತ್ರದಿಂದ ಯಂತ್ರಕ್ಕೆ ಬೇರೆ. ಗಾಲಿ ಲೋಡರ್, ಗ್ರೇಡರ್‌ಗಳಲ್ಲಿ ನಡು ಮಡಚುವ ಕೀಲಿನ ಬಳಿ ಹಾರ್ನೆಸ್ ದಿನವಿಡೀ ಬಾಗಿ ನಿಮಿರುತ್ತದೆ. ಹೊರಗಿನ ಕೊಳವೆ ಸರಿಯಿದ್ದು ಒಳಗಿನ ತಾಮ್ರದ ಎಳೆಗಳು ತುಂಡಾಗಿರುತ್ತವೆ. ಎಡಕ್ಕೆ ತಿರುಗಿಸಿದಾಗ ಮಾತ್ರ ಕೋಡ್ ಬರುವ ಯಂತ್ರದಲ್ಲಿ ಇದೇ ಮೊದಲ ಸಂಶಯ. ಎಂಜಿನ್ ಓಡುವಾಗ ಆ ಕೀಲಿನ ನಡುವೆ ಯಾರೂ ನಿಲ್ಲಬಾರದು. ಯಂತ್ರವನ್ನು ಪೂರ್ತಿ ಎಡಕ್ಕೆ ಮಡಚಿ, ಎಂಜಿನ್ ಆರಿಸಿ ಅಳೆಯಿರಿ. ಆಮೇಲೆ ಪೂರ್ತಿ ಬಲಕ್ಕೆ ಮಡಚಿ, ಆರಿಸಿ ಅಳೆಯಿರಿ. ಚೈನ್ ಎಕ್ಸ್‌ಕವೇಟರ್‌ಗಳಲ್ಲಿ ಕಂಟ್ರೋಲರ್‌ಗಳು ಸಾಮಾನ್ಯವಾಗಿ ಮೇಲಿನ ಭಾಗದಲ್ಲೇ ಇರುವುದರಿಂದ ಬೂಮ್ ಬುಡ, ಸೀಟಿನ ಹಿಂಭಾಗ, ಬ್ಯಾಟರಿ ಪೆಟ್ಟಿಗೆಯ ಸುತ್ತ, ಎಂಜಿನ್‌ನ ಬಿಸಿ ಪೈಪುಗಳ ಪಕ್ಕ ನೋಡಬೇಕು.

ಮಲೆನಾಡು, ಕರಾವಳಿಯ ಮಳೆಗಾಲ ಕನೆಕ್ಟರ್‌ಗಳಿಗೆ ಒಡ್ಡುವ ಪರೀಕ್ಷೆ ಕಠಿಣ. ರಬ್ಬರ್ ಸೀಲ್ ಒಂದು ಕಡೆ ಮಡಚಿಕೊಂಡಿದ್ದರೂ ಸಾಕು, ಪಿನ್ನಿನ ಮೇಲೆ ಹಸಿರು ಕಿಲುಬು ಕಟ್ಟುತ್ತದೆ. ಕನೆಕ್ಟರ್‌ಗೆ ನೇರವಾಗಿ ಪ್ರೆಶರ್ ವಾಟರ್ ಹೊಡೆದು ತೊಳೆಯುವುದರಿಂದಲೂ ಇದೇ ಗತಿ. ಮಳೆಗಾಲ ಪೂರ್ತಿ ಶೆಡ್‌ನಲ್ಲಿ ನಿಂತ ಯಂತ್ರದಲ್ಲಿ ಇಲಿ ಕಡಿದ ತಂತಿ ಸಿಗುವುದೂ ಹೊಸದೇನಲ್ಲ.

ಹೊರಗಿನಿಂದ ಬಂದ ಪೆಟ್ಟಿಗೆ

ಡೀಸೆಲ್ ಕಳವು ತಡೆಯಲು, ಗಂಟೆ ಬಾಡಿಗೆಯ ಲೆಕ್ಕ ಇಡಲು ಮಾಲೀಕರು ಜಿಪಿಎಸ್ ಪೆಟ್ಟಿಗೆ ಹಾಕಿಸುತ್ತಾರೆ. ಅದನ್ನು ಕೂರಿಸುವವರು ಕ್ಯಾನ್ ತಂತಿಯ ಸಿಪ್ಪೆ ಕೆರೆದು, ಇನ್ನೊಂದು ತಂತಿ ಸುತ್ತಿ, ಇನ್ಸುಲೇಷನ್ ಟೇಪ್ ಹಚ್ಚಿ ಹೋಗಿರುತ್ತಾರೆ. ಟೇಪ್ ಕೆಳಗೆ ನೀರು ಇಳಿಯುತ್ತದೆ. ಪೆಟ್ಟಿಗೆ ಸೀಟಿನಡಿ ಇರಲೆಂದು ಉದ್ದ ತಂತಿ ಎಳೆದರೆ ಅದೂ ತೊಂದರೆ. ಜೆ 1939ರ ಮೂಲ ನಿಯಮದಲ್ಲಿ ಮುಖ್ಯ ತಂತಿ 40 ಮೀಟರ್, ಕವಲು 1 ಮೀಟರ್ ಮೀರಬಾರದು. ಇನ್ನು 2,50,000 ಬಿಟ್ ಜಾಲಕ್ಕೆ 5,00,000ಕ್ಕೆ ಹೊಂದಿಸಿದ ಪೆಟ್ಟಿಗೆ ಸೇರಿಸಿದರೆ ಅದು ಬೇರೆಯವರ ಪ್ರತಿ ಸಂದೇಶವನ್ನೂ ತಪ್ಪೆಂದು ಸಾರುತ್ತ ಇಡೀ ಜಾಲವನ್ನು ಕೆಡವಬಲ್ಲದು. ದೋಷ ಹುಡುಕುವಾಗ ಹೊರಗಿನಿಂದ ಸೇರಿಸಿದ್ದನ್ನೆಲ್ಲ ಮೊದಲು ಬಿಚ್ಚಿಡುವುದು ಒಳ್ಳೆಯದು.

ಬಕೆಟ್ ಹಲ್ಲಿಗೆ ಸೈಟಿನಲ್ಲೇ ವೆಲ್ಡಿಂಗ್ ಮಾಡುವುದು ಇನ್ನೊಂದು ಮೂಲ. ಅರ್ಥ್ ಕ್ಲ್ಯಾಂಪನ್ನು ಚೈನ್‌ಗೆ ಸಿಕ್ಕಿಸಿ ಬಕೆಟ್ ತುದಿಯಲ್ಲಿ ವೆಲ್ಡ್ ಮಾಡಿದರೆ ಕರೆಂಟ್ ಇಡೀ ಯಂತ್ರದ ಮೈಯನ್ನು ಹಾದು, ಬೇರಿಂಗ್, ಅರ್ಥಿಂಗ್ ತಂತಿಗಳ ಮೂಲಕ ದಾರಿ ಹುಡುಕುತ್ತದೆ. ಕ್ಲ್ಯಾಂಪ್ ವೆಲ್ಡ್ ಮಾಡುವ ಭಾಗಕ್ಕೇ ಕಚ್ಚಿರಬೇಕು. ಬ್ಯಾಟರಿ ನೆಗೆಟಿವ್ ಬಿಚ್ಚಿರಬೇಕು. ಕಂಟ್ರೋಲರ್‌ಗಳ ಕನೆಕ್ಟರ್ ಕಿತ್ತಿರಬೇಕು.

ಸಿಕ್ಕಿದ ಮೇಲೆ ಸರಿಮಾಡುವುದು

ಕ್ಯಾನ್ ತಂತಿಗಳನ್ನು ಸರಿಸುಮಾರು ಇಂಚಿಗೆ ಒಂದು ಸುತ್ತಿನಂತೆ ಹೆಣೆದಿರುವುದು ಹೊರಗಿನ ವಿದ್ಯುತ್ ಗದ್ದಲ ಎರಡಕ್ಕೂ ಸಮನಾಗಿ ತಗಲಿ ಲೆಕ್ಕಕ್ಕೆ ಬಾರದಿರಲಿ ಎಂದು. ದುರಸ್ತಿಯಲ್ಲಿ ಬೇಕಾದಷ್ಟೇ ಬಿಚ್ಚಿ, ಮತ್ತೆ ಅದೇ ರೀತಿ ಹೆಣೆಯಬೇಕು. ಎರಡು ತಂತಿಯ ಜೋಡಣೆ ಅಕ್ಕಪಕ್ಕದಲ್ಲಿ ಬಾರದಂತೆ ಹಿಂದೆ ಮುಂದೆ ಇರಲಿ. ನಡುಕ ಇರುವ ಯಂತ್ರದಲ್ಲಿ ಬೆಸುಗೆ ಮುಗಿದ ಅಂಚಿನಲ್ಲೇ ತಂತಿ ಮುರಿಯುವುದರಿಂದ ಕ್ರಿಂಪ್ ಮಾಡಿ, ಅಂಟು ಇರುವ ಶ್ರಿಂಕ್ ಕೊಳವೆ ಹಾಕುವುದು ಮೇಲು. ಮೀಟರ್‌ನ ದಪ್ಪ ಕಡ್ಡಿಯನ್ನು ಪಿನ್ನಿನ ತೂತಿಗೆ ತುರುಕಿದರೆ ತೂತು ಹಿಗ್ಗಿ ಹೊಸ ಸಡಿಲ ಹುಟ್ಟುತ್ತದೆ. ಸೂಜಿಯಿಂದ ತಂತಿ ಚುಚ್ಚಿದರೆ ಆ ರಂಧ್ರದಿಂದ ನೀರು ಇಳಿಯುತ್ತದೆ.

ಮೀಟರ್‌ಗೆ ಸಿಗದ ದೋಷಗಳಿಗೆ ಆಸಿಲೋಸ್ಕೋಪ್ ಬೇಕು. ಸಂದೇಶದ ಚೌಕಾಕಾರದ ಅಲೆ ಎಲ್ಲಿ ಬಾಗಿದೆ ಎಂಬುದು ಅದರಲ್ಲಿ ಕಾಣುತ್ತದೆ. ಕಂಟ್ರೋಲರ್ ಬದಲಿಸುವುದು, ಅದಕ್ಕೆ ಪ್ರೋಗ್ರಾಮ್ ತುಂಬುವುದು ಕಂಪನಿ ಎಂಜಿನಿಯರ್ ಕೆಲಸ. ಗುಜರಿಯಿಂದ ತಂದ ಕಂಟ್ರೋಲರ್‌ನಲ್ಲಿ ಬೇರೆ ಯಂತ್ರದ ಹೊಂದಾಣಿಕೆ ಇದ್ದು, ಜಾಲದಲ್ಲಿ ಒಂದೇ ವಿಳಾಸಕ್ಕೆ ಎರಡು ಕಂಟ್ರೋಲರ್ ಹಕ್ಕು ಸಾಧಿಸಿದರೆ ಹೊಸ ಕೋಡ್‌ಗಳ ಸಾಲೇ ಶುರುವಾಗುತ್ತದೆ.

ಎಂಜಿನಿಯರ್‌ಗೆ ಫೋನ್ ಮಾಡುವಾಗ ಯಂತ್ರದ ಸೀರಿಯಲ್ ನಂಬರ್, ಅವರ್ ಮೀಟರ್, ಕೋಡ್‌ಗಳ ಫೋಟೊ, ಬ್ಯಾಟರಿಗಳ ವೋಲ್ಟ್, ಸಿ–ಡಿ ನಡುವಿನ ಓಮ್, ಹೈ ಮತ್ತು ಲೋ ವೋಲ್ಟ್, ಇತ್ತೀಚೆಗೆ ನಡೆದ ವೆಲ್ಡಿಂಗ್ ಅಥವಾ ಹೊಸ ಜೋಡಣೆ ಇಷ್ಟನ್ನು ಕೊಟ್ಟರೆ ಅವರು ಸರಿಯಾದ ಬಿಡಿಭಾಗವನ್ನೇ ಹಿಡಿದು ಬರಬಹುದು. ಇದೇ ಅಳತೆಗಳನ್ನು ಯಂತ್ರ ಚೆನ್ನಾಗಿ ಓಡುತ್ತಿರುವಾಗಲೇ ಒಮ್ಮೆ ತೆಗೆದು, ಸರ್ವಿಸ್ ಪುಸ್ತಕದ ಒಳರಟ್ಟಿನ ಮೇಲೆ ತಾರೀಖು ಹಾಕಿ ಬರೆದಿಟ್ಟರೆ ಮುಂದೆ ಹೋಲಿಸಿ ನೋಡಲು ಆ ಯಂತ್ರದ್ದೇ ಲೆಕ್ಕ ಕೈಯಲ್ಲಿರುತ್ತದೆ.